ಸೈನು ಹಾಕೋರಿಗೆ ಸೈನು ಹಾಕೋರ್ಯಾರು

ನಾನು ನಾನೇ ಅನ್ನದು ಎಲ್ರಿಗೂ ಗೊತ್ತಿರ್ತದೆ ಅಂದ್ಕೊಂಡಿದ್ದೆ. ಸುಳ್ಳು ಕಣ್ರಪ್ಪ. ಅದ್ಕೂ ಆಫೀಸರ್ ಸೀಲು ಬೇಕು. ಓದ್ದೋನಲ್ಲ ನಾನು, ಸುತ್ತಿ ಬಳಸಿ ಯೋಳಕ್ ಬರಕಿಲ್ಲ. ಗುಂಡ್ಲುಪೇಟೆ ಸಾವ್ಕಾರ್ರು ಕೇರಳಕ್ಕೆ ಈರುಳ್ಳಿ ಲಾರಿ ಓಡ್ಸಕ್ಕೆ ಕರ್ದಿದ್ರು. "ಸೋಮ್ವಾರದೊಳ್ಗೆ ಲೈಸೆನ್ಸಿಗೆ ಅರ್ಜಿ ಹಾಕ್ಬುಟ್ ಬಾ, ಇಲ್ದಿದ್ರೆ ಬ್ಯಾರೆಯವ್ನ ಹತ್ತುಸ್ತೀನಿ" ಅಂದ್ರು. ಅರ್ಜಿ ಫೋಟೊ ಮ್ಯಾಲೆ ಆಫೀಸರ್ ಸೈನು ಬೇಕಂತೆ. ನಮ್ಮೂರು ಹಂಗಳದಲ್ಲಿ ಎಲ್ರಿಗೂ ನಾನ್ ಗೊತ್ತು, ಸೈನ್ ಹಾಕೋ ಒಬ್ರಿಗೂ ಗೊತ್ತಿಲ್ಲ. ಊರಲ್ಲಿ ಇದ್ದ ಆಫೀಸರ್ ಅಂದ್ರೆ ದನದ ಡಾಕ್ಟ್ರೊಬ್ರೇ, ಅವ್ರೂ ಮೈಸೂರಿಂದ ಬಂದೋಗೋರು. "ನೀನ್ಯಾರೋ ನಂಗೇನಯ್ಯಾ ಗೊತ್ತು? ಗೊತ್ತಿರೋರ್ನ ಕರ್ಕೊಂಬಾ" ಅಂದ್ರು. ಟೀ ಅಂಗ್ಡಿ ನಂಜಪ್ಪಣ್ಣನ್ನ ಎಳ್ಕೊಂಡೋದೆ. "ಇವ್ರ್ಯಾರು?" ಅಂದ್ರು. ಡಾಕ್ಟ್ರು ಟೀ ಮನೆಯಿಂದ ತರೋರು.

ಚಾಮರಾಜನಗರದಲ್ಲಿ ಕಂಪ್ಯೂಟರ್ ಕಲಿಯೋ ನಮ್ ಚಿಕ್ಕಪ್ಪನ ಮಗ ಮಾದೇಶನ ತಾವ ಗೋಳಾಡ್ದೆ. "ಕಂಪ್ಯೂಟರ್ನಾಗೂ ಇದೇಯ ಕಣ್ಲಾ" ಅಂದ. "ಸೈನ್ ಹಾಕಕ್ಕೆ ಒಂದು ಗುಟ್ಟಿನ ಕೀ, ಅದು ಸರಿಯಾಗದಾ ಅಂತ ನೋಡಕ್ಕೆ ಎಲ್ರಿಗೂ ಕೊಡೋ ಇನ್ನೊಂದು ಕೀ. ಆ ಕೀ ನಿಂದೇಯ ಅಂತ ದೊಡ್ಡೋನೊಬ್ಬ ಸರ್ಟಿಫಿಕೇಟ್ ಬರ್ದು ತನ್ ಸೈನ್ ಹಾಕ್ಬೇಕು."

"ಆ ದೊಡ್ಡೋನ್ಗೆ?"

"ಅವ್ನಿಗಿಂತ ದೊಡ್ಡೋನು."

"ಎಲ್ರಿಗಿಂತ ಮ್ಯಾಲಿರೋನ್ಗೆ?"

"ಅವ್ನಿಗೆ ಅವ್ನೇ ಹಾಕ್ಕೋತಾನೆ."

"ಹಂಗಾದ್ರೆ ನಂಗೂ ನಾನೇ ಹಾಕ್ಕೋತೀನಿ ಬುಡು!"

"ನಿನ್ನ ಯಾವನ್ಲಾ ನಂಬ್ತಾನೆ?" ಅಂದ್ಬುಟ್ಟು ನಕ್ಕ. ಇವ್ನೂ ಒಬ್ಬ ತಮ್ಮ.

ಶನ್ವಾರ ಮತ್ತೆ ಡಾಕ್ಟ್ರು ಮುಂದೆ ನಿಂತೆ. ಯಾರೋ ಎಮ್ಮೆ ಹೊಡ್ಕೊಂಡ್ ಬಂದ್ರು. ಡಾಕ್ಟ್ರು ಅದ್ರ ಕಿವಿಗೆ ಚುಚ್ಚಿರೋ ಪ್ಲಾಸ್ಟಿಕ್ ಓಲೆ ನಂಬರ್ ನೋಡಿದ್ರು, ಇನ್ಶೂರೆನ್ಸಿಗೆ ತಾವೇ ಬರ್ಕೊಟ್ಟಿದ್ದ ಸರ್ಟಿಫಿಕೇಟ್ ನೋಡಿದ್ರು, ಪಟ್ಟಂತ ಸೀಲ್ ಒತ್ಬುಟ್ರು. ನಂಗೆ ಹೊಟ್ಟೆ ಉರ್ದೋಯ್ತು. "ನಮ್ಮೆಮ್ಮೆಗೂ ನೀವೇ ಓಲೆ ಹಾಕಿದ್ದು ಸ್ವಾಮಿ!" ಅಂದೆ. "ಮೊದ್ಲೇ ಹೇಳ್ಬಾರ್ದೇನಯ್ಯಾ? ಹೊಡ್ಕೊಂಬಾ." ಓಡೋಗಿ ಸರ್ಟಿಫಿಕೇಟ್ ಸಮೇತ ಹೊಡ್ಕೊಂಬಂದೆ. ನಂಬರ್ ಸರಿ, ಸೈನ್ ಅವ್ರದೇ. ಹೆಸ್ರು ಮಾತ್ರ ನಮ್ಮವ್ವಂದು. "ಸರಿ, ಅವ್ರು ಬಂದು ಹೇಳ್ಲಿ, ಹಾಕ್ಕೊಡ್ತೀನಿ" ಅಂದ್ರು. ಅವ್ವ ಬಂದ್ಲು. ಎಮ್ಮೆ ಕತ್ತು ಚಾಚಿ ಅವ್ಳ ಕೈ ನೆಕ್ತು. ಎಮ್ಮೆ ಅವ್ಳದೇ ಅನ್ನಕ್ಕೆ ಡಾಕ್ಟ್ರಿಗೆ ಅಷ್ಟೇ ಸಾಕಾಯ್ತು, ಪೆನ್ನು ತಗುದ್ರು. "ಇವ್ನು ನಿಮ್ಮ ಮಗನೇನಮ್ಮಾ?"

ಅವ್ವ ನನ್ನ ನೋಡಿದ್ಲು, ಫೋಟೊ ನೋಡಿದ್ಲು. "ಇದ್ಯಾತಕ್ಕೆ ಸ್ವಾಮಿ?"

"ಕೇರಳಕ್ಕೆ ಲಾರಿ ಓಡ್ಸಕ್ಕೆ" ಅಂದೆ ನಾನೇ.

"ಆ ಘಾಟಿ ಮ್ಯಾಲಾ? ಹಂಗಾದ್ರೆ ಇವ್ನ್ಯಾರೋ ನಂಗೊತ್ತಿಲ್ಲ ಬುಡಿ!"

ಡಾಕ್ಟ್ರು ಪೆನ್ನಿಗೆ ಮುಚ್ಚಳ ಹಾಕಿದ್ರು. ಸೋಮ್ವಾರ ಬ್ಯಾರೆಯವ್ನು ಲಾರಿ ಹತ್ತಿದ. ನಾನು ಎಮ್ಮೆ ಮೇಯ್ಸ್ಕೊಂಡಿವ್ನಿ. ಅದು ಕಾಡ್ಗೆ ನುಗ್ಗಿ ತಪ್ಪುಸ್ಕೊಂಡ್ರೆ ಓಲೆ ನೋಡಿ ಯಾರಾರ ಮನೆಗೆ ತಂದ್ಬುಡ್ತಾರೆ. ನಾನ್ ತಪ್ಪುಸ್ಕೊಂಡ್ರೆ?