ನಿಂಗರಾಜನ ಉಸಿರು, ನನ್ನ ಪೆಟ್ಟಿಗೆಯ ಬಾಲ

ಐವತ್ತು ದಾಟಿದ ಗಂಡಸು ಮನೆಗೆ ಹೊಸ ಯಂತ್ರ ತಂದರೆ, ಅದನ್ನು ಕಲಿಯುವ ಸುಖ ಅವನದು, ಕಷ್ಟವೆಲ್ಲ ಮನೆಯವರದು. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದ ನಾನು ಹೋದ ವರ್ಷ ನನ್ನ ಗಿಟಾರಿಗೆ ಒಂದು ಎಫೆಕ್ಟ್ಸ್ ಪೆಟ್ಟಿಗೆ ತಂದೆ. ಅದರಲ್ಲಿ ಡಿಲೇ ಎಂಬುದೊಂದಿದೆ. ಬಾರಿಸಿದ ಸ್ವರವನ್ನೇ ಮತ್ತೆ ಮತ್ತೆ ಹೇಳುತ್ತದೆ. ರಿವರ್ಬ್ ಎಂಬುದು ಇನ್ನೊಂದು. ಹತ್ತಡಿ ಕೋಣೆಯಲ್ಲಿ ಕೂತವನನ್ನು ಖಾಲಿ ಕಲ್ಯಾಣ ಮಂಟಪದಲ್ಲಿ ಕೂರಿಸುತ್ತದೆ. ಕೈ ತೆಗೆದ ಮೇಲೂ ಎಳೆಯುತ್ತ ಹೋಗುವ ಈ ನಾದಕ್ಕೆ ಬಾಲ ಎಂದು ನಾವು ಗಿಟಾರಿನವರು ಹೆಸರಿಟ್ಟುಕೊಂಡಿದ್ದೇವೆ. ಮೊದಲ ದಿನ ನಾನೊಂದು ಎತ್ತರದ ಸ್ವರ ಬಾರಿಸಿದೆ. ಅದು ಇನ್ನೆರಡು ಸಲ ಮರಳಿ ಬಂತು. ಅಡುಗೆಮನೆಯಲ್ಲಿದ್ದ ಹೆಂಡತಿ ಸುಮಿತ್ರ ಕುಕ್ಕರಿನ ಮೂರು ವಿಷಲ್ ಆಯಿತೆಂದು ಒಲೆ ಆರಿಸಿದಳು. ಅಂದು ನಾವು ಉಂಡಿದ್ದು ಅರೆಬೆಂದ ಅನ್ನ.

ನಮ್ಮ ಪುಟ್ಟ ಆರ್ಕೆಸ್ಟ್ರಾದ ಗಾಯಕ ನಿಂಗರಾಜು. ನನ್ನ ಸಹಪಾಠಿ. ಕ್ಯಾತನಹಳ್ಳಿಯ ಡೇರಿಯಲ್ಲಿ ಬೆಳಿಗ್ಗೆ ಹಾಲು ಪರೀಕ್ಷೆ ಮಾಡುತ್ತಾನೆ, ಭಾನುವಾರ ಹಾಡುತ್ತಾನೆ. ಇಪ್ಪತ್ತೈದು ವರ್ಷದಿಂದ ನಾವು ಜೊತೆ. ಸಂತೆಬಾಚಹಳ್ಳಿಯ ಒಂದು ಗೃಹಪ್ರವೇಶದಲ್ಲಿ ಅವನು ಹಾಡು ಮುಗಿಸಿ ಮೈಕು ಇಳಿಸಿದ. ನನ್ನ ಪೆಟ್ಟಿಗೆ ಮಾತ್ರ ಬಾಲ ಎಳೆಯುತ್ತಲೇ ಇತ್ತು. ಚಪ್ಪಾಳೆ ತಟ್ಟಲೆಂದು ಎತ್ತಿದ ಕೈಗಳು ಹಾಗೇ ಕಾದವು.

ವಾಪಸು ಬರುವಾಗ ಅವನು ಕೇಳಿದ: "ಲೇ, ನಾನ್ ಬಾಯ್ ಮುಚ್ಚುದ್ ಮೇಲೂ ನಿನ್ ಪೆಟ್ಗೆ ಯಾಕ್ಲಾ ಬಾಯ್ ಮುಚ್ಚಾಕಿಲ್ಲ?"

"ಅದು ಬಾಲ ಕಣ್ಲಾ. ತಾನಾಗೇ ನಿಲ್ತದೆ."

"ಕತ್ತರ್ಸ್ ಬುಡು ಅದ್ನ. ಇಲ್ದಿದ್ರೆ ನಾನ್ ಬರಾಕಿಲ್ಲ."

ಕತ್ತರಿಸಿದೆ. ಒಂದು ಬಗೆಯ ನಾದದಿಂದ ಇನ್ನೊಂದಕ್ಕೆ ಹೋಗುವಾಗ ಬಾಲ ಉಳಿಯದಂತೆ ಮಾಡುವ ಸೌಲಭ್ಯ ಪೆಟ್ಟಿಗೆಯಲ್ಲೇ ಇತ್ತು. ಮುಂದಿನ ಕಾರ್ಯಕ್ರಮ ಶ್ರೀರಂಗಪಟ್ಟಣದಲ್ಲಿ. ಹಾಡಿನ ನಡುವೆ ನಾದ ಬದಲಿಸಲು ನಾನು ಕಾಲಿನಿಂದ ಗುಂಡಿ ಒತ್ತಿದೆ. ಕರೆಂಟು ಹೋದಂತೆ ನಾದ ನಿಂತಿತು. ನಿಂಗರಾಜನ ಶ್ರುತಿ ತಪ್ಪಿತು. ಅವತ್ತು ಕಾರ್ಯಕ್ರಮ ಮುಗಿದ ಕೂಡಲೇ ಅವನು ಒಬ್ಬನೇ ಹೊರಟುಹೋದ. ಬೈದಿದ್ದರೆ ನೆಮ್ಮದಿಯಾಗಿರುತ್ತಿತ್ತು. ಮರುವಾರ ಫೋನು ಎತ್ತಲಿಲ್ಲ, ಅಭ್ಯಾಸಕ್ಕೂ ಬರಲಿಲ್ಲ.

ಅವನ ಮನೆಗೇ ಹೋದೆ. ಅವನಿರಲಿಲ್ಲ. ಹೆಂಡತಿ ಜಯಮ್ಮ ಕಾಫಿ ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: "ಹೋದ್ ಮಳೆಗಾಲ್ದಲ್ಲಿ ನಿಮೋನಿಯ ಆಗಿತ್ತಲ್ಲ ಮೇಷ್ಟ್ರೇ, ಅವತ್ನಿಂದ ಅವ್ರಿಗೆ ಉಸ್ರು ಹಿಡಿಯಾಕ್ ಆಯ್ತಿಲ್ಲ. ನಿಮ್ ತಾವ ಏಳ್ಬ್ಯಾಡ ಅಂದವ್ರೆ."

ಮೊದಲೆಲ್ಲ ನನ್ನ ತಂತಿ ಸುಮ್ಮನಾದ ಮೇಲೂ ಅವನ ದನಿ ನಿಂತಿರುತ್ತಿತ್ತು. ಈಗ ಅವನು ಎಲ್ಲಿ ಸೋಲುತ್ತಾನೆ ಎಂಬುದನ್ನು ನನ್ನ ಪೆಟ್ಟಿಗೆ ಊರಿಗೆಲ್ಲ ಕೇಳಿಸುತ್ತಿತ್ತು. ವಿಜ್ಞಾನದ ಮೇಷ್ಟರಿಗೆ ಇದು ಹೊಳೆದಿರಲಿಲ್ಲ.

ಮೂರು ಸಂಜೆ ಪೆಟ್ಟಿಗೆಯ ಮುಂದೆ ಕೂತೆ. ನಾದ ಹಾದುಹೋಗುವ ಸಾಲಿನಲ್ಲಿ, ದನಿ ಏರಿಸಿ ಇಳಿಸುವ ಕಾಲಿನ ಪೆಡಲು ಡಿಲೇಗಿಂತ ಮೊದಲಿತ್ತು. ಹಾಗಾಗಿ ಅದನ್ನು ಇಳಿಸಿದರೆ ಹೊಸ ಸ್ವರ ನಿಲ್ಲುತ್ತಿತ್ತು, ಹಳೆಯದರ ಬಾಲ ಓಡುತ್ತಲೇ ಇತ್ತು. ಪೆಡಲನ್ನು ಎಲ್ಲಕ್ಕಿಂತ ಕೊನೆಗೆ ತಂದೆ. ಈಗ ಪೆಡಲಿನ ಮೇಲೆ ಹಿಮ್ಮಡಿ ಒತ್ತಿದಷ್ಟೂ ಬಾಲವೂ ತಗ್ಗಿ, ನನ್ನ ಹಿಮ್ಮಡಿಯ ಮಾತು ಕೇಳತೊಡಗಿತು. ನಾದ ಬದಲಿಸುವಾಗ ಬಾಲ ಉಳಿಯುವಂತೆ ಮತ್ತೆ ಮಾಡಿದೆ. ಪೆಟ್ಟಿಗೆ ಕೆಟ್ಟಿತ್ತು, ಈಗ ಸರಿಯಾಗಿದೆ ಎಂದು ನಿಂಗರಾಜನಿಗೆ ಸುಳ್ಳು ಸಂದೇಶ ಕಳಿಸಿದೆ. ಎರಡು ದಿನ ಬಿಟ್ಟು "ಆಯ್ತು" ಎಂಬ ಉತ್ತರ ಬಂತು.

ನಾಗಮಂಗಲದ ಶಾಲೆಯೊಂದರಲ್ಲಿ ಹಾಡು. ನಾನು ನಿಂಗರಾಜನ ಭುಜವನ್ನೇ ನೋಡುತ್ತ ಬಾರಿಸಿದೆ. ಕೊನೆಯ ಸ್ವರದಲ್ಲಿ ಭುಜ ಕುಸಿಯುವ ಹೊತ್ತಿಗೆ ಮೆಲ್ಲಗೆ ಹಿಮ್ಮಡಿ ಒತ್ತಿದೆ. ಅವನ ದನಿ, ನನ್ನ ಬಾಲ, ಎರಡೂ ಒಟ್ಟಿಗೆ ಮುಗಿದವು. ಈ ಸಲ ಕೈಗಳು ಕಾಯಲಿಲ್ಲ, ಕೂಡಲೇ ಚಪ್ಪಾಳೆ. ನನ್ನ ಕಣ್ಣು ಒದ್ದೆಯಾಯಿತು. ಹಿಮ್ಮಡಿಯಿಂದ ಇಷ್ಟು ಉದಾತ್ತ ಕೆಲಸವನ್ನು ಬೇರೆ ಯಾರೂ ಮಾಡಿರಲಾರರು ಅನ್ನಿಸಿತು.

ಊಟದ ಪಂಕ್ತಿಯಲ್ಲಿ ನಿಂಗರಾಜು ಪಕ್ಕದಲ್ಲೇ ಕೂತ. "ಜಯ ನಿಂಗ್ ಏನೋ ಏಳವ್ಳೆ," ಅಂದ.

ನಾನು ಸಾರಿನ ಕಡೆ ನೋಡಿದೆ. "ಇಲ್ವಲ್ಲಾ."

"ಇರ್ಲಿ ಬುಡು, ಚೆಂದಾಗಿತ್ತು. ಆದ್ರೆ ನನ್ ಭುಜ ನೋಡ್ಕಂಡು ಎಲ್ಡ್ ಕಡೆ ತಪ್ ಬಾರ್ಸ್ದೆ ಕಣ್ಲಾ. ಇಪ್ಪತ್ತೈದ್ ವರ್ಷದಿಂದ ನೀನ್ ತಪ್ಪಿದಾಗೆಲ್ಲ ನಾನು ಗಂಟ್ಲು ಎತ್ತಿ ಮುಚ್ತಿದ್ದೆ. ಈಗ ಅಷ್ಟು ಉಸ್ರಿಲ್ಲ. ವಸಿ ಪ್ರಾಕ್ಟೀಸ್ ಮಾಡು."

ಈಗ ದಿನಾ ಸಂಜೆ ಪೆಟ್ಟಿಗೆ ಆರಿಸಿಟ್ಟು ಬರೀ ತಂತಿಯ ಮೇಲೆ ಅಭ್ಯಾಸ ಮಾಡುತ್ತೇನೆ. ಇಷ್ಟು ವರ್ಷ ನಿಂಗರಾಜು ಎಷ್ಟು ದುಡಿದಿದ್ದಾನೆ ಎಂಬುದು ಸ್ಪಷ್ಟವಾಗಿ ಕೇಳಿಸುತ್ತದೆ.