ಉಪ್ಪಷ್ಟೇ ಹಾಕಿದ ಕೋಳಿ

ನನ್ನ ಕೈಗೊಂದು ಕಾಯಿಲೆ ಇದೆ. ಒಲೆಯ ಮೇಲೆ ಏನೇ ಇರಲಿ, ಅದಕ್ಕೊಂದಿಷ್ಟು ಮಸಾಲೆ ಬೀಳದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಮಂಡ್ಯದಿಂದ ಅವ್ವ ಕಳಿಸುವ ಕೋಳಿಸಾರಿನ ಪುಡಿ ಕೈಗೆಟುಕುವಂತಿದ್ದರೆ ಕೇಳಬೇಕೇ? ಹೋದ ವರ್ಷ ಮಗಳ ಹುಟ್ಟುಹಬ್ಬದ ಪಾಸ್ತಾಕ್ಕೆ ಒಂದು ಚಿಟಿಕೆ ಎಂದುಕೊಂಡು ಹಾಕಿದ್ದು ಒಂದು ಹಿಡಿಯಾಗಿ, ಅವಳ ಗೆಳತಿಯರೆಲ್ಲ ನಲ್ಲಿಯ ಮುಂದೆ ಸಾಲಾಗಿ ನಿಂತರು. ಮಗಳು ವಾರಪೂರ್ತಿ ನನ್ನ ಹತ್ತಿರ ಮಾತಾಡಲಿಲ್ಲ.

ಈ ಸಲ ಅವಳು ಕೇಳಿದ್ದು ಯಾಕಿತೋರಿ. ಅಂದರೆ ಕೋಳಿಯ ಸಣ್ಣ ತುಂಡುಗಳನ್ನು ಬಿದಿರುಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಜಪಾನೀ ತಿಂಡಿ. ಗೆಳತಿ ಯೂಕಿಯ ಮನೆಯಲ್ಲಿ ತಿಂದು ಬಂದಿದ್ದಳು. ಯೂಕಿಯ ಅಪ್ಪ ಸಾತೋ, ಅಮೆರಿಕದ ಈ ಸನ್ನಿವೇಲ್‌ನಲ್ಲಿ ನಮ್ಮ ಹಿಂದಿನ ಬೀದಿಯವರು. ತಮ್ಮ ಉದ್ದನೆಯ ಒಲೆಯನ್ನೇ ತಂದುಕೊಟ್ಟು, ಕೋಳಿ, ಉಪ್ಪು, ಕೆಂಡ, ಇಷ್ಟೇ ಎಂದು ಹೇಳಿ ಹೋದರು. ಅರಿಶಿನವೂ ಬೇಡವೇ ಎಂದು ನಾನು ಎರಡು ಸಲ ಕೇಳಿದೆ.

"ಅಪ್ಪಾ, ಪ್ರಾಮಿಸ್ ಮಾಡು. ನೋ ಮಸಾಲಾ" ಎಂದಳು ಮಗಳು. ಮಾಡಿದೆ.

"ನಿಮ್ ಕೈಲಾಗಲ್ಲ ಬಿಡಿ" ಎಂದಳು ಹೆಂಡತಿ.

ಆಗಲೇ ನನಗೆ ಹಟ ಬಂದದ್ದು. ಪುಡಿಯ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದೆ. ನಾಲ್ಕು ದಿನ ಆಫೀಸಿಗೆ ಓಡಾಡಿದ ಕಾರು ಬೀಗರೂಟದ ಮನೆಯಂತೆ ಘಮಘಮಿಸುತ್ತಿತ್ತು. ಫ್ರೀವೇಯಲ್ಲಿ ಹೊಟ್ಟೆ ಚುರುಗುಟ್ಟಿದರೂ ಹಲ್ಲು ಕಚ್ಚಿಕೊಂಡೆ.

ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಕೆಂಡ ಮಾಡಿಕೊಂಡು ಕೂತೆ. ಕಡ್ಡಿ ಸುಟ್ಟಿತು, ಬೆರಳೂ ಸುಟ್ಟಿತು. ಬೆಳ್ಳಗಿದ್ದ ಕೋಳಿ, ಏನಾದರೂ ಹಾಕಪ್ಪಾ ಎಂದು ಬೇಡಿಕೊಳ್ಳುತ್ತಿದೆ ಅನ್ನಿಸಿತು. ಕೈ ಎರಡು ಸಲ ಜೇಬಿನ ತನಕ ಹೋಗಿ ಬಂತು. ಹಾಕಲಿಲ್ಲ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳು ತಟ್ಟೆ ಖಾಲಿ ಮಾಡಿದರು. ನಲ್ಲಿಯ ಕಡೆ ಒಬ್ಬರೂ ಓಡಲಿಲ್ಲ. ಮಗಳು ಬಂದು ಬೆನ್ನು ತಟ್ಟಿದಳು. ಪ್ರಮೋಷನ್ ಸಿಕ್ಕಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಅಷ್ಟರಲ್ಲಿ ಬಂದ ಸಾತೋ ಒಂದು ಕಡ್ಡಿಯ ರುಚಿ ನೋಡಿ, ಮೆಚ್ಚಿ ತಲೆದೂಗಿ, ಜೇಬಿನಿಂದ ಪುಟ್ಟ ಶೀಶೆ ತೆಗೆದು ಕೋಳಿಯ ಮೇಲೆ ಕೆಂಪಗೆ ಉದುರಿಸಿಕೊಂಡರು. ಮೆಣಸಿನಕಾಯಿ, ಎಳ್ಳು, ಇನ್ನೂ ಏನೇನೋ ಸೇರಿದ ಪುಡಿ. ಜಪಾನಿನಲ್ಲಿ ಬೇಕಾದವರು ತಿನ್ನುವಾಗ ಹಾಕಿಕೊಳ್ಳುತ್ತಾರಂತೆ. ಮಗಳೂ ಉದುರಿಸಿಕೊಂಡು ತಿಂದು, ಸ್ವಲ್ಪ ಯೋಚಿಸಿ, "ಅಪ್ಪಾ, ಅಜ್ಜಿ ಪುಡೀನೇ ಬೆಟರ್. ಎಲ್ಲಿಟ್ಟಿದ್ದೀಯಾ?" ಎಂದಳು.

ಎಲ್ಲರೂ ನನ್ನನ್ನೇ ನೋಡಿದರು. ನಾನು ಜೇಬಿನೊಳಗಿನ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡು, ಯಾಕಿತೋರಿಗೆ ಉಪ್ಪಷ್ಟೇ ಸಾಕು ಎಂದು ಸಾತೋ ಅವರಿಗೇ ಪಾಠ ಹೇಳತೊಡಗಿದೆ.