ಫಿರಂಗಿ ಎಳೆದ ಗಾಡಿಯ ಜೊತೆ ಆರು ತಿಂಗಳು

ಇದೆಲ್ಲ ನಡೆದದ್ದು 2007ರಲ್ಲಿ, ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ವಾರವಿಡೀ ನಾನು ಲ್ಯಾಬಿನಲ್ಲಿ ಹಾಲಿನ ಸ್ಯಾಂಪಲ್ ಪರೀಕ್ಷಿಸುತ್ತಿದ್ದೆ. ಅಲ್ಲಿ ನಗುವಂಥದ್ದು ಏನೂ ನಡೆಯುತ್ತಿರಲಿಲ್ಲ. ಶನಿವಾರ ಪಕ್ಕದ ಮನೆಯ ಅಜ್ಜನ ಬಾಡಿಗೆ ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿ ಅದು ಬಿಟ್ಟು ಬೇರೇನೂ ನಡೆಯುತ್ತಿರಲಿಲ್ಲ.

ಅಜ್ಜ ‘ಕಿವಿ’, ಅಂದರೆ ಅಲ್ಲೇ ಹುಟ್ಟಿ ಬೆಳೆದ ನ್ಯೂಜಿಲೆಂಡಿನವರು; ವಯಸ್ಸು ಎಂಬತ್ತೆಂಟು. ಎರಡನೇ ಮಹಾಯುದ್ಧಕ್ಕೆ ಮುಂಚೆ ಸೈನ್ಯದಲ್ಲಿ ಫಿರಂಗಿ ಎಳೆಯುವ ಆರು ಚಕ್ರದ ಟ್ರಕ್ ಓಡಿಸಿದವರು. ಅಂಥದ್ದೇ ಒಂದು ಟ್ರಕ್ ಒಬ್ಬ ರೈತನ ಬಳಿ ಸಿಕ್ಕಿತ್ತು. ಅದನ್ನು ಇನ್ನೊಮ್ಮೆ ಓಡಿಸಬೇಕೆಂದು ಅವರ ಆಸೆ. ಅಕ್ಟೋಬರ್ ಕೊನೆಗೆ ಶೆಡ್ಡು ಖಾಲಿ ಮಾಡಬೇಕಿತ್ತು. ಅಷ್ಟರಲ್ಲಿ ಗಾಡಿ ತಾನಾಗಿ ಓಡಿದರೆ ಮ್ಯೂಸಿಯಮ್ಮಿಗೆ, ಇಲ್ಲದಿದ್ದರೆ ಗುಜರಿಗೆ.

ಕೋಳಿ

ತರಲು ಹೋದಾಗ ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಮರಿ ಹೊರಬರುವ ತನಕ ಗಾಡಿ ಮುಟ್ಟಬೇಡಿ ಎಂದ ರೈತ. ನಾನು ಲೆಕ್ಕ ಹಾಕಿ ದಿನಾಂಕ ಬರೆದುಕೊಂಡೆ. ಮೂರು ವಾರ ಕಾದೆವು. ಮರಿಗಳು ಬಂದವು, ಗಾಡಿಯೂ ಬಂತು. ಇಷ್ಟು ಹೊತ್ತು ಯಾವ ಜನರಲ್‌ಗೂ ಕಾದಿರಲಿಲ್ಲ ಎಂದರು ಅಜ್ಜ.

ಬೋಲ್ಟು

ಎಂಜಿನ್ ಬಿಚ್ಚುವಾಗ ಪ್ರತಿ ಬೋಲ್ಟನ್ನೂ ಸ್ಯಾಂಪಲ್ ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, ನಂಬರ್ ಬರೆದೆ. ಜೋಡಿಸಿ ಮುಗಿದಾಗ ಹನ್ನೊಂದು ಉಳಿದವು. ನಾನು ಪಟ್ಟಿ ಹಿಡಿದು ಪುನಃ ಬಿಚ್ಚೋಣ ಎಂದೆ. ಅಜ್ಜ ಹನ್ನೊಂದನ್ನೂ ಜೇಬಿಗೆ ಹಾಕಿಕೊಂಡರು.

"ಸೈನ್ಯದವರು ಯಾವಾಗಲೂ ಹೆಚ್ಚಿಗೇ ಹಾಕುತ್ತಿದ್ದರು."

ನಿಂಬೆಹಣ್ಣು

ಮ್ಯೂಸಿಯಮ್ಮಿನವರೊಬ್ಬರು ನೋಡಲು ಬಂದದ್ದು ಆಯುಧಪೂಜೆಯ ದಿನ. ಧಾರವಾಡದಿಂದ ಬಂದಿದ್ದ ಅವ್ವ ನನಗಿಂತ ಮೊದಲೇ ಶೆಡ್ಡಿನಲ್ಲಿದ್ದಳು. "ತೋಪು ಎಳದ ಗಾಡಿ. ಇದಕ್ಕ ಪೂಜಾ ಮಾಡಲಿಲ್ಲಂದ್ರ ಮತ್ತ ಯಾವುದಕ್ಕ ಮಾಡೂದು?" ಎಂದು ಕುಂಕುಮ ಹಚ್ಚಿ, ಚಕ್ರಕ್ಕೊಂದರಂತೆ ಆರು ನಿಂಬೆಹಣ್ಣು ಇಟ್ಟಳು.

ಅಜ್ಜ ಸೀಟು ಹತ್ತಿದರು. ನಾನು ಹ್ಯಾಂಡಲ್ ತಿರುವಿದೆ. ಎಂಜಿನ್ ಕೆಮ್ಮಿ ನಿಂತಿತು. ಇನ್ನೊಮ್ಮೆ, ಮತ್ತೊಮ್ಮೆ. ಮ್ಯೂಸಿಯಮ್ಮಿನವರು ಗಡಿಯಾರ ನೋಡಿಕೊಂಡು, ಬೇಸರ ಬೇಡ, ತಮ್ಮ ಪಿಕಪ್ ಗಾಡಿಗೆ ಕಟ್ಟಿ ಹೊರಗೆ ಎಳೆದುಬಿಡೋಣ ಎಂದರು. ಹಾಗೆ ಎಳೆದರೆ ಗುಜರಿಯೇ ಗತಿ. ಅಜ್ಜ ಸ್ಟೀರಿಂಗ್ ಬಿಡಲಿಲ್ಲ.

ಅವ್ವ ಗಾಡಿಯ ಮುಂದೆ ನಿಂತಳು.

"ಇಟ್ಟ ನಿಂಬಿಹಣ್ಣ ಕೈಲೆ ತಗೀಬಾರದು. ಜಗ್ಗಿಸಿಕೊಂಡೂ ತುಳೀಬಾರದು. ಗಾಡಿ ತಾನ ತುಳೀಬೇಕು ಅಂತ ಹೇಳು ಅವರಿಗೆ."

ಎರಡನೆಯ ನಿಯಮ ನಾನು ಅದೇ ಮೊದಲು ಕೇಳಿದ್ದು. ಆದರೂ ಅನುವಾದ ಮಾಡಿ ಹೇಳಿದೆ. ಈ ದೇಶದಲ್ಲಿ ಪೂಜೆಯ ವಿಧಿ ಎಂದರೆ ತಡೆಯುವವರಿಲ್ಲ. ಮ್ಯೂಸಿಯಮ್ಮಿನವರು ಟೋಪಿ ತೆಗೆದು, ತಲೆ ತಗ್ಗಿಸಿ ನಿಂತರು.

ಆ ಮೌನದಲ್ಲಿ ಅಜ್ಜ ಮೆಲ್ಲಗೆ ಇಳಿದು ಬಂದು, ಪೆಟ್ರೋಲ್ ಟ್ಯಾಂಕಿನ ನಲ್ಲಿ ಮುಚ್ಚೇ ಇದೆ, ನಾನೇ ನಿನ್ನೆ ಮುಚ್ಚಿದ್ದೆ ಎಂದು ನನ್ನ ಕಿವಿಯಲ್ಲಿ ಹೇಳಿ ಅದನ್ನು ತೆರೆದು ಮತ್ತೆ ಸೀಟು ಹತ್ತಿದರು. ಅವ್ವ ಪಕ್ಕಕ್ಕೆ ಸರಿದಳು. ಒಂದೇ ತಿರುವಿಗೆ ಎಂಜಿನ್ ಗುಡುಗಿತು. ಟ್ರಕ್ ಹಣ್ಣು ತುಳಿದು ಅಂಗಳಕ್ಕೆ ಬಂತು. ಅಜ್ಜ ಅದನ್ನು ಮೂರು ಸುತ್ತು ಓಡಿಸಿದರು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

ಮ್ಯೂಸಿಯಮ್ಮಿನವರು ಶೆಡ್ಡಿನಲ್ಲಿ ಬಗ್ಗಿ ನೋಡಿದರು. ಹಿಂದಿನ ಎಡ ಚಕ್ರದ ನಿಂಬೆಹಣ್ಣು ಇಟ್ಟ ಹಾಗೇ ಇತ್ತು. ಆ ಚಕ್ರ ನೆಲಕ್ಕೇ ತಾಗುತ್ತಿರಲಿಲ್ಲ. ಅವರು ಏನೂ ಕೇಳದೆ ಗಾಡಿ ಸ್ವೀಕರಿಸಿದೆವು ಎಂದು ಸಹಿ ಹಾಕಿದರು. ಫಾರಂನಲ್ಲಿ ಕೆಲಸ ಮಾಡುವ ಚಕ್ರಗಳು ಎಂಬಲ್ಲಿ ಬರೆದದ್ದು: ಐದು.